ವಾಡಿಕೆ ಮಳೆಯಲ್ಲಿ ಕೊಚ್ಚಿಹೋದ ಎರಡು ಎಕರೆ

ಜಿಲ್ಲೆಯ ಒಡ್ಡುಗಳಿಗೆಲ್ಲ ಒಡೆಯರಾದ ಮಾನ್ಯ ಅಧಿಕಾರಿಗಳೇ,

ಸರ್ಕಾರಿ ಒಡ್ಡನ್ನು ಒಡೆದು ಹಾಳು ಮಾಡಿದ್ದಕ್ಕೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂದು ಕೇಳಿ ನಮ್ಮೂರಿನ ಮಂಜವ್ವನವರಿಗೆ ನಿಮ್ಮ ಕಚೇರಿಯಿಂದ ನೋಟಿಸು ಬಂದಿದೆ. ಏಳು ದಿನದೊಳಗೆ ಉತ್ತರ ಕೊಡಬೇಕಂತೆ. ನಾನು ಮುಂಡರಗಿ ತಾಲ್ಲೂಕಿನ ಈ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಆ ಸಂಜೆ ಮಂಜವ್ವನ ಪಕ್ಕದಲ್ಲಿ ನಿಂತು ಅದೇ ಒಡ್ಡಿಗೆ ಸಲಿಕೆ ಹಾಕಿದವಳು. ನೋಟಿಸಿನಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿಕೊಳ್ಳಿ. ಸೇರಿಸಿಕೊಳ್ಳುವ ಮುನ್ನ ನಡೆದದ್ದನ್ನು ಕೇಳಿಸಿಕೊಳ್ಳುವ ಸೌಜನ್ಯವನ್ನೂ ತೋರಿ.

ಮಂಜವ್ವನಿಗೆ ಐವತ್ತೆರಡು ವರ್ಷ. ಕಪ್ಪತಗುಡ್ಡದ ಇಳಿಜಾರಿಗೆ ಅಂಟಿಕೊಂಡು ಅವರದು ಐದು ಎಕರೆ ಎರೆಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಹೊಲದ ಕೆಳ ಅಂಚಿಗೆ ಹಳೆಯ ಮಣ್ಣಿನ ಒಡ್ಡು. ಅದರ ಒಂದು ತುದಿಯಲ್ಲಿ ಅವರ ಮಾವ ಕಲ್ಲು ಜೋಡಿಸಿ ಕಟ್ಟಿದ್ದ ಗಂಡಿಯಿತ್ತು. ಹೊಲಕ್ಕೆ ಬೇಕಾದಷ್ಟು ನೀರು ನಿಂತ ಮೇಲೆ ಹೆಚ್ಚಾದದ್ದು ಆ ಕಲ್ಲುಗಳ ಮೇಲಿಂದ ಇಳಿದು, ಮಣ್ಣನ್ನು ಹೊಲದಲ್ಲೇ ಬಿಟ್ಟು ಹಳ್ಳ ಸೇರುತ್ತಿತ್ತು. ಒಡ್ಡಿನ ನಡುಭಾಗಕ್ಕೆ ನೇರ ಕೆಳಗೆ ಎಂಟು ಮನೆಗಳಿವೆ. ಇದಿಷ್ಟೂ ನಮ್ಮೂರಿನ ಯಾರನ್ನು ಕೇಳಿದರೂ ಗೊತ್ತಾಗುತ್ತಿತ್ತು. ಕೇಳುವ ಪದ್ಧತಿ ನಿಮ್ಮಲ್ಲಿ ಇಲ್ಲ ಎಂಬುದು ಬೇರೆ ಮಾತು.

ಕಳೆದ ಮೇ ತಿಂಗಳಲ್ಲಿ ನಿಮ್ಮ ಯಂತ್ರ ಬಂತು. ಒಡ್ಡನ್ನು ಎತ್ತರಿಸಿತು, ಬಹಳ ಸಂತೋಷ. ಜೊತೆಗೆ ಗಂಡಿಯ ಕಲ್ಲುಗಳನ್ನು ಕಿತ್ತು ಒಡ್ಡಿನ ಹೊಟ್ಟೆಯೊಳಗೆ ತುಂಬಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೋಡೆ ಮಾಡಿತು. ಮಂಜವ್ವ ಯಂತ್ರದ ಮುಂದೆ ಹೋಗಿ ನಿಂತರು. ಕೆಲಸ ನೋಡಿಕೊಳ್ಳುತ್ತಿದ್ದ ನಿಮ್ಮ ಕಿರಿಯ ಎಂಜಿನಿಯರ್ ಲೋಹಿತ ಒಳ್ಳೆಯ ಹುಡುಗ, ಕೈ ಮುಗಿದೇ ಮಾತಾಡಿದ.

“ನಕ್ಷೆಯಾಗ ಗಂಡಿ ಇಲ್ರಿ ಅವ್ವಾರ. ನೀರು ನಿಂದ್ರಸೂದ ನಮ್ಮ ಕೆಲಸ.”

“ನಕ್ಷೆಯಾಗ ಮಳಿನೂ ಇಲ್ಲೇನಪಾ?” ಎಂದರು ಮಂಜವ್ವ.

ಯಂತ್ರ ಕೆಲಸ ಮುಗಿಸಿ ಹೋಯಿತು.

ಮಾನ್ಯರೇ, ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಲೋಹಿತನಲ್ಲ, ನೀವು. ನಮ್ಮ ಶಾಲೆಯ ಅಂಗಳದಲ್ಲಿ ಮಳೆಮಾಪಕವಿದೆ. ಹನ್ನೊಂದು ವರ್ಷದಿಂದ ಅದನ್ನು ನೋಡಿ ಬರೆದಿಡುತ್ತಿದ್ದೇನೆ. ವರ್ಷದ ಒಟ್ಟು ಮಳೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ ಮೊದಲು ಹದಿನೈದು ದಿನ ಜಿಟಿಜಿಟಿಯಾಗಿ ಇಳಿಯುತ್ತಿದ್ದ ನೀರು ಈಗ ಎರಡು ಸಂಜೆಗಳಲ್ಲಿ ಸುರಿದು ಹೋಗುತ್ತದೆ. ನಡುವೆ ಮೂರು ವಾರ ಹನಿಯೂ ಇಲ್ಲ. ಒಣಗಿ ಹಿಟ್ಟಾದ ಬೋಳು ನೆಲದ ಮೇಲೆ ದಪ್ಪ ಹನಿ ಬಡಿದರೆ ಮೇಲ್ಮಣ್ಣು ಕದಡಿ ಅಂಟಿನಂತೆ ಮೆತ್ತಿಕೊಳ್ಳುತ್ತದೆ, ನೆಲದ ಬಾಯಿ ಮುಚ್ಚುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ಓಡುತ್ತದೆ, ಓಡುವಾಗ ಹೊಲದ ಸಾರವನ್ನೆಲ್ಲ ಹೊತ್ತುಕೊಂಡೇ ಓಡುತ್ತದೆ. ಇದನ್ನು ನಾನು ನಿಮಗೆ ಕಲಿಸಬೇಕೇ? ಗದಗಿನಲ್ಲಿ ನೀವೇ ಏರ್ಪಡಿಸಿದ್ದ ಹವಾಮಾನ ಬದಲಾವಣೆಯ ಕಾರ್ಯಾಗಾರದಲ್ಲಿ ಮೂರನೇ ಸಾಲಿನಲ್ಲಿ ಕೂತು, ನಿಮ್ಮ ಬಾಯಿಂದಲೇ ಕೇಳಿ ಬಂದ ವಿಷಯವಿದು. ಹವಾಮಾನ ಬದಲಾಗಿದೆ ಎಂದಿರಿ, ಚಪ್ಪಾಳೆ ತಟ್ಟಿದೆವು. ನಿಮ್ಮ ನಕ್ಷೆಗೆ ಮಾತ್ರ ಆ ಕಾರ್ಯಾಗಾರದ ಆಮಂತ್ರಣ ಹೋಗಿರಲಿಲ್ಲವೆಂದು ಕಾಣುತ್ತದೆ.

ಜೂನ್ ಹನ್ನೊಂದರಂದು ಶಾಲೆ ಬಿಡುವ ಹೊತ್ತಿಗೆ ಗುಡ್ಡದ ಮೇಲೆ ಮೋಡ ಕಪ್ಪಾಯಿತು. ಎಪ್ಪತ್ತು ನಿಮಿಷಗಳಲ್ಲಿ ತೊಂಬತ್ನಾಲ್ಕು ಮಿಲಿಮೀಟರ್ ಮಳೆ. ನಿಂತ ಕೂಡಲೇ ಮಂಜವ್ವ ಏದುಸಿರು ಬಿಡುತ್ತ ಶಾಲೆಗೆ ಬಂದರು. ಮೈಯೆಲ್ಲ ಕೆಸರು.

“ಅಕ್ಕೋರ, ನೀರು ಎದಿ ಮಟ ನಿಂತೈತಿ. ಒಡ್ಡು ನಡುವಿನಾಗ ಜಿನುಗಾಕ ಹತ್ತೈತಿ. ಅಲ್ಲೇ ಒಡೀತಂದ್ರ ಮನಿಗೋಳ ಉಳ್ಯಂಗಿಲ್ಲ.”

ಇಬ್ಬರೂ ಓಡಿದೆವು. ಆ ಎಂಟು ಮನೆಗಳಲ್ಲಿ ಮೊದಲನೆಯದು ಇಜಾಜನದು. ಅವನ ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಗಿದೆ. ಮಂಜವ್ವ ಒಡ್ಡಿನ ಮೇಲಿಂದಲೇ ಕೂಗಿದರು: “ಇಜಾಜಾ, ನಿಮ್ಮವ್ವನ್ನ ಎತಗೊಂಡು ಶಾಲಿಗೆ ನಡಿ! ಎಲ್ಲಾರನೂ ಕರಕೊಂಡು ಹೋಗು, ಜಲ್ದಿ!” ಆಮೇಲೆ ನನ್ನ ಕೈಗೊಂದು ಸಲಿಕೆ ಕೊಟ್ಟು, ಗಂಡಿ ಇದ್ದ ತುದಿಗೆ ಕರೆದೊಯ್ದು ಅಗೆಯತೊಡಗಿದರು.

ನನಗೆ ಗೊತ್ತಿತ್ತು. ಕಲ್ಲಿನ ಹಾಸು ಇಲ್ಲದ ಕಡೆ ಹಸಿ ಮಣ್ಣನ್ನು ಕಡಿದು ನೀರು ಬಿಟ್ಟರೆ ಅದು ಸುಮ್ಮನೆ ಇಳಿಯುವುದಿಲ್ಲ, ಹೊಲವನ್ನು ಹಿಂದಕ್ಕೆ ತಿನ್ನುತ್ತ ಹೋಗುತ್ತದೆ.

“ಮಂಜವ್ವಾರ, ಇಲ್ಲೆ ಕಡದ್ರ ನಿಮ್ಮ ಹೊಲ ಹೋಗ್ತೈತಿ.”

“ಹೋಗ್ಲಿ. ನಾಳಿ ಆ ಮುದುಕಿ ಮಾರಿ ನಾ ಹೆಂಗ ನೋಡ್ಲಿ? ಹಾಕ್ರಿ ಸಲಿಕಿ.”

ಹಾಕಿದೆ. ಅಂಗೈ ಅಗಲದ ಕಾಲುವೆ ಕಣ್ಣೆದುರೇ ಆಳುದ್ದವಾಯಿತು. ಅಂಚು ಕುಸಿದು ನಾನು ಜಾರಿದಾಗ ಮಂಜವ್ವ ನನ್ನ ಸೆರಗು ಹಿಡಿದು ಎಳೆದುಕೊಂಡರು. ನೀರಿಳಿಯಿತು, ನಡುವಿನ ಒಡ್ಡು ಉಳಿಯಿತು, ಎಂಟು ಮನೆಗಳ ಹೊಸ್ತಿಲು ಕೂಡ ತೋಯಲಿಲ್ಲ. ಹತ್ತು ದಿನದ ಹೆಸರಿನ ಸಸಿಗಳೊಂದಿಗೆ ಎರಡು ಎಕರೆ ಕರಿಮಣ್ಣು ಹಳ್ಳದ ಪಾಲಾಯಿತು. ಅದು ಹೋಗುವುದನ್ನು ಮಂಜವ್ವ ನಿಂತು ನೋಡಿದರು. ಅಳಲಿಲ್ಲ. “ಮ್ಯಾಲಿನ ಪಟ್ಟಿ ಉಳೀತಲ್ಲ” ಎಂದಷ್ಟೇ ಹೇಳಿದರು. ಆಗ ಅತ್ತವಳು ನಾನು.

ಜುಲೈ ಮೊದಲ ವಾರ ನಿಮ್ಮ ತಂಡ ಬಂತು. ಕೊರಕಲಿನ ಫೋಟೊ ತೆಗೆದರು. ಮಂಜವ್ವ ಬೆಳೆಹಾನಿ ಪರಿಹಾರದ ಮಾತೆತ್ತಿದಾಗ ತಂಡದ ಹಿರಿಯ ಅಧಿಕಾರಿಯೊಬ್ಬರು ಕಾಗದ ನೋಡಿ ಹೇಳಿದರು: ತಾಲ್ಲೂಕಿನಲ್ಲಿ ಜೂನ್ ತಿಂಗಳ ಮಳೆ ವಾಡಿಕೆಗಿಂತ ಶೇಕಡ ನಾಲ್ಕು ಕಡಿಮೆ, ಆದ್ದರಿಂದ ಅತಿವೃಷ್ಟಿ ಆಗಿಲ್ಲ. ಎಷ್ಟು ಸರಳ! ಹೊಲ ಕೊಚ್ಚಿಹೋದದ್ದು ಮಳೆ ಕಡಿಮೆಯಾಗಿ! ಸ್ವಾಮಿ, ತಿಂಗಳಿಡೀ ತಿನ್ನಬೇಕಾದ ರೊಟ್ಟಿಯನ್ನು ಒಬ್ಬನ ಬಾಯಿಗೆ ಒಂದೇ ಊಟಕ್ಕೆ ತುರುಕಿ, ತಿಂಗಳ ಲೆಕ್ಕ ಸರಿಯಿದೆ ಎನ್ನುತ್ತೀರಾ? ಹೊಲ ಎದುರಿಸುವುದು ಆಯಾ ಗಂಟೆಯ ಮಳೆಯನ್ನು, ತಿಂಗಳ ಸರಾಸರಿಯನ್ನಲ್ಲ.

ತಂಡ ಹೋದ ಮೂರು ವಾರಕ್ಕೆ ಬಂದದ್ದು ಈ ನೋಟಿಸು. ಮಂಜವ್ವ ಅದನ್ನು ನನ್ನಲ್ಲಿಗೆ ತಂದು ಓದಿಸಿದರು.

“ನಾ ಒಡದೇನಿ ಅಂತ ಬರ್ದಾರೇನ್ರಿ?”

“ಹೌದ್ರಿ.”

“ಖರೆ ಬರ್ದಾರ. ಯಾಕ ಒಡದಿ ಅಂತ ಎಲ್ಲೆರೆ ಕೇಳ್ಯಾರೇನು?”

ಮತ್ತೊಮ್ಮೆ ಮೊದಲಿಂದ ಓದಿದೆ. ಕೇಳಿರಲಿಲ್ಲ.

ನಿಮ್ಮ ಅಪ್ಪಣೆಗೆ ಕಾಯದೆ ಅವರು ಇನ್ನೊಂದು ಅಪರಾಧವನ್ನೂ ಮಾಡಿದ್ದಾರೆ. ಇಜಾಜ ಮತ್ತು ಉಳಿದ ಏಳು ಮನೆಯವರನ್ನು ಸೇರಿಸಿಕೊಂಡು ಗುಡ್ಡದಿಂದ ಕಲ್ಲು ಹೊತ್ತು ತಂದು, ಅದೇ ಜಾಗದಲ್ಲಿ ಗಂಡಿಯನ್ನು ಮೊದಲಿಗಿಂತ ಎರಡರಷ್ಟು ಅಗಲವಾಗಿ ಕಟ್ಟಿದ್ದಾರೆ. ಕೊರಕಲಿಗೂ ಅಡ್ಡಡ್ಡ ಕಲ್ಲಿಟ್ಟಿದ್ದಾರೆ. ಮೊನ್ನೆ ಬಿದ್ದ ಜೋರು ಮಳೆಯ ನೀರು ಗಂಡಿಯಿಂದ ಸುಸೂತ್ರವಾಗಿ ಇಳಿದುಹೋಯಿತು. ಕಲ್ಲುಗಳ ಹಿಂದೆ ಗೇಣುದ್ದ ಮಣ್ಣು ನಿಂತಿದೆ. ಹೋದ ಎರಡು ಎಕರೆ ಮಾತ್ರ ಮಂಜವ್ವನ ಜೀವಮಾನದಲ್ಲಿ ಮರಳಿ ಬರುವುದಿಲ್ಲ.

ಆದ್ದರಿಂದ ಬೇಡುವುದಿಲ್ಲ, ಕೇಳುತ್ತೇನೆ. ನೋಟಿಸನ್ನು ಹಿಂಪಡೆಯಿರಿ. ಮಂಜವ್ವನ ಹಾನಿಯನ್ನು ಆ ಎಪ್ಪತ್ತು ನಿಮಿಷದ ಮಳೆಯಿಂದ ಅಳೆಯಿರಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯಲ್ಲಿ ಈ ವರ್ಷ ಹೀಗೆಯೇ ಗಂಡಿ ಮುಚ್ಚಿದ ಒಡ್ಡುಗಳೆಷ್ಟಿವೆ ಎಂದು ಬಹಿರಂಗಪಡಿಸಿ, ಹಿಂಗಾರಿನ ಮೊದಲೇ ಅವನ್ನು ತೆರೆಸಿ. ಕೆಳಗೆ ಮನೆಗಳಿರುವ ಕಡೆಯಿಂದಲೇ ಶುರುಮಾಡಿ. ಎಲ್ಲ ಒಡ್ಡಿನ ಪಕ್ಕದಲ್ಲೂ ಒಬ್ಬ ಮಂಜವ್ವ ಇರುವುದಿಲ್ಲ.

ಇಂತಿ,
ಮಕ್ಕಳಿಗೆ ಮಣ್ಣಿನ ಸಂರಕ್ಷಣೆಯ ಪಾಠ ಮಾಡುವಾಗ ಈಚೆಗೆ ಯಾಕೋ ದನಿ ಕುಗ್ಗುವ,
ಸುನಿತಾ
ವಿಜ್ಞಾನ ಶಿಕ್ಷಕಿ, ಮುಂಡರಗಿ ತಾಲ್ಲೂಕು