ಆಚೆ ತುದಿಯ ಕುರ್ಚಿ

ಮಾರ್ಚ್ ೪

..."ಕಣ್ಣಾರೆ ನೋಡದೆ ಹೇಳೋನಲ್ಲ ನಾನು" ಅಂದಿದ್ದರಲ್ಲ, ಗಡಿಯಾಚೆಯ ಸಬ್‌ಸ್ಟೇಷನ್ನಿನವರು. ಯಾವಾಗ ಅಂದದ್ದೋ. ಮುಖ ನೋಡಿಲ್ಲ, ನಮ್ಮೆರಡು ಸ್ಟೇಷನ್ನುಗಳ ನಡುವಿನ ನೇರ ಫೋನಾದ ಹಾಟ್‌ಲೈನಿನ ದನಿಯಷ್ಟೇ ಪರಿಚಯ. ನಡುವಿನ ಲೈನಿಗೆ ಅವರ ತುದಿಯಿಂದ ಬರುವ ಕರೆಂಟ್ ಆಫ್ ಆಗಿದೆಯಾ ಎಂದು ಕೇಳಿದರೆ "ತಾಳಿ" ಅನ್ನುತ್ತಾರೆ. ಕುರ್ಚಿ ಕಿರ್ರೆನ್ನುತ್ತದೆ. ಯಾರ್ಡಿಗೆ ನಡೆದು, ಸ್ವಿಚ್ ನೋಡಿ, ಏದುಸಿರು ಬಿಡುತ್ತ ಬಂದು ಹೇಳುತ್ತಾರೆ. ನಾನು ನಂಬುವುದು ಆ ಏದುಸಿರನ್ನು.

ಮಾರ್ಚ್ ೧೧

ಆಚೆಯ ಸಂಗತಿಯೆಲ್ಲ ಇನ್ನು ಫೈಬರ್ ಕೇಬಲ್ ಮೂಲಕ ನಮ್ಮ ಪರದೆಗೇ. ಸಾಹೇಬರಿಗೆ ಖುಷಿಯೋ ಖುಷಿ.

"ನಿಮ್ಮ ಗೆಳೆಯನ ಜೊತೆ ಹರಟೆ ಬಂದ್ ಕಣ್ರೀ. ತಿಂಗಳ ಕೊನೆಗೆ ಆ ಫೋನ್ ಕೀಳಿಸ್ತೀನಿ."

ನಕ್ಕೆ. ಆದರೆ... ವೋಲ್ಟೇಜಿನ ಜೀವಂತ ಅಂಕಿ ಸದಾ ನಡುಗುತ್ತಿರುತ್ತದೆ. ಇವತ್ತು ಊಟ ಮುಗಿಸಿ ಬಂದರೂ ಆಚೆಯ ಅಂಕಿ ಹಾಗೇ ಇತ್ತು. ಆಮೇಲೆ ಜಿಗಿಯಿತು. ಸಂಪರ್ಕ ಕಡಿದರೆ ಕಡೆಯ ಅಂಕಿಯನ್ನೇ ತೋರಿಸುತ್ತ ಕೂರುತ್ತದೆ — ಗೋಡೆಯ ಮೇಲೆ ಸತ್ತವರ ಫೋಟೋ ಹಾಗೆ. ಹೇಳಿದೆ. "ಅನುಮಾನ ನಿಮಗೆ ಹುಟ್ಟುಗುಣ" ಅಂದರು.

ಮಾರ್ಚ್ ೧೯

ನಾಳೆ ಗಡಿಯ ಟವರಿನಲ್ಲಿ ರಿಪೇರಿ. ಹತ್ತುವವನು ಹೆಂಡತಿಯ ತಮ್ಮ. ಸಂಜೆ ಬಂದಿದ್ದ.

"ಭಾವ, ನಾಳೆಯಾದ್ರೂ ಹತ್ತೋಕೆ ಪರ್ಮಿಟ್ ಬೇಗ ಕೊಡಿ. ಹೋದ ಸಲ ನಿಮ್ಮ 'ತಾಳಿ ತಾಳಿ'ಗೆ ಟವರ್ ಬುಡದಲ್ಲಿ ಬೇರು ಬಿಟ್ಟಿದ್ವಿ."

"ಅವರು ನನ್ನನ್ನೇ ನಂಬಲ್ಲ ಕಣೋ," ಅಂದಳು ಇವಳು. "ಹಾಲು ಉಕ್ಕಿತು ಅಂದ್ರೆ ಎದ್ದು ಬಂದು ನೋಡ್ತಾರೆ."

ಮಾರ್ಚ್ ೨೦, ಡ್ಯೂಟಿಯಲ್ಲಿ

ನಮ್ಮ ತುದಿ ಆಫ್ ಮಾಡಿದೆ. ಆಚೆಯದು ಪರದೆಯಲ್ಲಿ ಸೊನ್ನೆ. ನಿನ್ನೆ ಲೈನ್ ಆಫ್ ಮಾಡಿ ಪರೀಕ್ಷಿಸಿದಾಗಲೂ ಸೊನ್ನೆಯೇ ಇತ್ತು. ಸೊನ್ನೆ ನಡುಗುವುದಿಲ್ಲ — ಇಂದಿನದೋ ನಿನ್ನೆಯದೋ ಹೇಗೆ ತಿಳಿಯಬೇಕು?

ಹಾಟ್‌ಲೈನ್ ಎತ್ತಿದೆ. ಅವರದೇ ದನಿ. "ಆಫ್ ಆಗಿದೆ." ತಟ್ಟನೆ. ತಾಳಿ ಅನ್ನಲಿಲ್ಲ. ಏದುಸಿರಿಲ್ಲ. ಹೋಗಿ ನೋಡಿದಿರಾ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟರು. ಅವರ ಮುಂದೆಯೂ ಹೊಸ ಪರದೆ ಬಂದಿರಬೇಕು.

ಪರ್ಮಿಟ್ ಕೊಡಲಿಲ್ಲ. ಮತ್ತೆ ಫೋನ್ ಮಾಡಿದೆ. ಎತ್ತುತ್ತಿಲ್ಲ.

"ಪರದೆ ಹೇಳ್ತು, ಮನುಷ್ಯ ಹೇಳ್ದ. ಇನ್ನು ದೇವರು ಬಂದು ಹೇಳ್ಬೇಕೇನ್ರೀ?" ಸಾಹೇಬರು ವಾಕಿಟಾಕಿ ಎತ್ತಿ ತಾವೇ ಅಂದುಬಿಟ್ಟರು — "ಶುರು ಮಾಡ್ರಪ್ಪಾ."

ಕಿತ್ತುಕೊಂಡು ಕೂಗಿದೆ. ಗರಗರ. ಆಮೇಲೆ ಅವನು: "ಆಗ್ಲೇ ಅರ್ಧ ಹತ್ತಿದೀನಿ ಭಾವ. ಇಲ್ಲೂ ತಾಳ್ಬೇಕಾ?" ನಗುತ್ತಿದ್ದ.

"ತಾಳು. ತಂತಿ ಹತ್ರ ಹೋಗ್ಬೇಡ."

ತಾಳಿದ್ದಾನೆ. ಒಂದು ಕೈಯಲ್ಲಿ ರಿಸೀವರ್, ಇನ್ನೊಂದರಲ್ಲಿ ಈ ಗೀಚಾಟ, ಸುಮ್ಮನೆ ಕೂರಲಾಗುತ್ತಿಲ್ಲ. ರಿಂಗ್ ಹೋಗುತ್ತಲೇ ಇದೆ. ಸಾಹೇಬರು ವಾಕಿಟಾಕಿಗೆ ಮತ್ತೆ ಕೈ ಚಾಚುತ್ತಿದ್ದಾರೆ.

ಆಚೆ ತುದಿಯವರೇ, ಒಂದೇ ಮಾತು ಹೇಳಿ — ನೀವು ಕುರ್ಚಿಯಿಂದ ಎದ್ದಿರಾ?