ಕಾಲುವೆಯೊಳಗಿನ ಪೆಂಡಾಲು

ಹುಸೇನಬಿ ಆಪಾ,

ಮೊದಲು ಖರ್ಚು ಹೇಳಿಬಿಡ್ತೀನಿ, ಆಮೇಲೆ ಕತೆ. ಈ ಚುನಾವಣೆಯಲ್ಲಿ ನನ್ನ ಕೈಬಿಟ್ಟು ಹೋದದ್ದು ಇಷ್ಟು: ಒಂದು ಜೋಡಿ ಚಪ್ಪಲಿ, ಅದೂ ಹೊಸವು. ಒಂದು ವಾರದ ಕಳೆ ತೆಗೆಯೋ ಕೂಲಿ. ಮೈದುನ ಸಿದ್ದಣ್ಣನ ಮಾತು. ಈಗ ನನ್ನ ಕಂಡರೆ ಅವನಿಗೆ ಆಕಾಶದಲ್ಲಿ ಏನಾದರೂ ನೋಡೋ ಕೆಲಸ ಬರ್ತದೆ. ಮತ್ತೆ ನನ್ನ ಗಂಟಲು. ಗಂಟಲು ವಾಪಸ್ ಬಂತು, ಉಳಿದವು ಬರಲಿಲ್ಲ. ಇಷ್ಟು ಕೊಟ್ಟು ಏನು ತಂದಿ ಅಂತ ನೀನು ಕೇಳೇ ಕೇಳ್ತಿ. ಕೇಳಬೇಕಾದ್ದೇ. ನೀನು ಬಿಟ್ಟುಹೋದ ಎರಡು ಎಕರೆ ಇದರಲ್ಲಿ ಸಿಕ್ಕಿಕೊಂಡಿತ್ತು. ನಿನಗೆ ಓದಲು ಬರ್ತಿರಲಿಲ್ಲ, ಗೊತ್ತು. ಅಲ್ಲಿ ಯಾರಾದರೂ ಓದಿ ಹೇಳಲಿ.

ನಾವಿಬ್ಬರೂ ಬದುವಿಗೆ ಬದು ಹಚ್ಚಿ ಹೊಲ ಕೊಂಡ ದಿನ ನೆನಪಿದೆಯಾ? ಮಾರಿದವನು ಕೈ ಚಾಚಿ, “ಬಾಜೂಕ ಕಾಲುವಿ ಅದ ನೋಡ್ರಿ” ಅಂದ. ಕಾಲುವೆ ಇತ್ತು, ಸುಳ್ಳಲ್ಲ. ನೀರಿನ ಮಾತು ಅವನು ಎತ್ತಲಿಲ್ಲ, ನಾವು ಕೇಳಲಿಲ್ಲ. ಆಮೇಲೆ ನೀನು ಹಣೆ ಬಡಿದುಕೊಂಡು ನಕ್ಕಿದ್ದಿ: “ದೇವಿ, ಗಂಡಿನ ತಲೀ ಪಟಗಾ ನೋಡಿ ಒಪ್ಪಿಬಿಟ್ಟೇವಿ, ಹಲ್ಲು ಎಣಿಸಲೇ ಇಲ್ಲ!” ಕಾಲುವೆಯ ಕಡೇ ತುದಿಯಲ್ಲಿ ನನ್ನ ಹೊಲ, ನನ್ನದಾದ ಮೇಲೆ ನಿನ್ನದು, ನಿನ್ನದಾದ ಮೇಲೆ ಹಳ್ಳ. ಮೇಲಿನವರು ಭತ್ತ ಹಚ್ಚಿದರು. ಈ ಕಾಲುವೆ ಭತ್ತಕ್ಕಲ್ಲ ಅಂತ ಸರಕಾರವೇ ಬರೆದಿಟ್ಟಿದೆ, ಆದರೆ ಬರೆದದ್ದು ಕುಡಿದು ಯಾವ ಬೆಳೆ ಬಂದೀತು? ಕೇಳಿದಾಗಲೆಲ್ಲ ಒಂದೇ ಉತ್ತರ: “ಕೆಳಗ ಹೂಳು ತುಂಬ್ಯದವ್ವ, ನೀರು ಹರಿಯಂಗಿಲ್ಲ.” ನಾವು ನಂಬಿದೆವು. ನೀನಂತೂ ನಂಬಿಕೊಂಡೇ...

ನೀನು ಹೋದ ಮೇಲೆ ನಿನ್ನ ಮಗಳು ಶಬಾನಾ ಒಂದು ದಿನ ನನ್ನ ಕಟ್ಟೆಗೆ ಬಂದು ಕೂತಳು. ಅವಳ ಗಂಡ ಹೇಳಿಬಿಟ್ಟಿದ್ದನಂತೆ, ಈ ಹಂಗಾಮಿಗೆ ನೀರು ಬರಲಿಲ್ಲ ಅಂದರೆ ಹೊಲ ಮಾರೋದೇ. ಕೊಳ್ಳಲು ಬಸಣ್ಣ ಸಾಹುಕಾರ ತಯಾರಿದ್ದ. ಮೇಲಿನ ಭತ್ತದ ಗದ್ದೆ ಬಹುಪಾಲು ಅವನದೇ. ನಮ್ಮ ನೀರು ಕುಡಿದವನೇ ನಮ್ಮ ಒಣ ಹೊಲಕ್ಕೆ ಬೆಲೆ ಕಟ್ಟೋದು, ಎಂಥ ವ್ಯಾಪಾರ ನೋಡು! “ಖಾಲಾ, ಅಮ್ಮಿ ಹೊಲ ಉಳಸ್ರಿ” ಅಂದಳು. ನಾನೇನು ಡ್ಯಾಮಾ? ಆದರೆ ಬಾಯಿ ಮುಚ್ಚಿಕೊಂಡು ಕೂತವಳೂ ಅಲ್ಲವಲ್ಲ.

ಅಷ್ಟರಲ್ಲಿ ನೀರಿನ ಸಂಘದ ಚುನಾವಣೆ ಬಂತು. ಅಧ್ಯಕ್ಷ ಆಗ್ತೀನಿ ಅಂತ ಹೊರಟವರು ಇಬ್ಬರು, ಒಂದೇ ಪಕ್ಷದವರು. ಒಬ್ಬ ಇದೇ ಬಸಣ್ಣ ಸಾಹುಕಾರ. ಇನ್ನೊಬ್ಬ ಗುತ್ತಿಗೆ ಕೆಲಸ ಮಾಡಿಸೋ ಹುಡುಗ ಶರಣು, ಬಿಳೀ ಪ್ಯಾಂಟು, ಕಪ್ಪು ಕನ್ನಡಕ. ಹೊಲ ಇದ್ದವರಿಗೆ ಓಟು. ಅಂದರೆ ಈ ಸಲ ನನ್ನದೂ ಒಂದು.

ರಂಗಂಪೇಟೆಯ ಆ ಸಭೆ ನೆನಪಾಯಿತು, ನಕ್ಕುಬಿಟ್ಟೆ. ಕೂಲಿ ಮಾತಾಡಿ, ಸಭೆ ತುಂಬಿಸಲು ಕಳೆ ತೆಗೆಯೋ ಹೆಂಗಸರನ್ನ ಲಾರಿಗೆ ಹತ್ತಿಸೋ ಮುಖಂಡತನ ನನ್ನದು, ಮೊದಲು ಹತ್ತೋಳು ನೀನು. ಬೆಳಿಗ್ಗೆ ಶಹಾಪುರದಲ್ಲಿ ಒಂದು ಪಕ್ಷ, ಸಂಜೆ ರಂಗಂಪೇಟೆಯಲ್ಲಿ ಅದರ ವೈರಿ ಪಕ್ಷ. ಸಂಜೆಯ ಲೀಡರು ಕೈ ಎತ್ತಿದ್ದೇ ತಡ, ನೀನು ಬೆಳಗಿನ ಲೀಡರಿಗೆ ಜೈ ಅಂದುಬಿಟ್ಟಿ! “ಬೆಳಿಗ್ಗಿಂದ ಬಾಯಿಗೆ ಹತ್ತ್ಯದ, ನಾ ಏನು ಮಾಡಲಿ?” ಅಂತ ನನ್ನ ಮೇಲೇ ಸಿಟ್ಟು. ಆ ಸಂಜೆ ಕೂಲಿ ಹೋಯಿತು, ಆದರೆ ಊರು ಮುಟ್ಟೋ ತನಕ ನಕ್ಕಿದ್ದೇ ನಕ್ಕಿದ್ದು.

ಈ ಸಲ ಕೂಲಿ ಇಲ್ಲದೆ ಭಾಷಣ ಕೇಳಲು ಹೋದೆ. ಭಾಷಣ ಎಷ್ಟು ಉದ್ದ ಇರ್ತದೆ ಅನ್ನೋದು ಆಗ ತಿಳಿಯಿತು. ಸಾಹುಕಾರ ಭೀಮರಾಯನಗುಡಿಯಲ್ಲಿ ಸಭೆ ಕರೆದಿದ್ದ. ಕುರ್ಚಿಗೆ ಬಟ್ಟೆ, ನೆತ್ತಿಗೆ ಫ್ಯಾನು, ಮೊದಲ ಸಾಲಿನಲ್ಲಿ ಅವನ ಬೀಗರು. ಕಡೇ ತುದಿಯ ಅಕ್ಕತಂಗಿಯರ ಕಣ್ಣೀರು ಒರೆಸ್ತೀನಿ ಅಂದ. ನಾನು ಎದ್ದು ನಿಂತೆ.

“ಕಣ್ಣೀರು ಇರಲಿ ಸಾಹುಕಾರ್ರ, ಅದಷ್ಟೇ ನಮ್ಮ ಕಡಿ ಹರಿಯೋ ನೀರು. ನಿಮ್ಮ ಹೊಲದಾಗ ಈಗ ಏನು ಬೆಳಿ ಅದ?”

“ಭತ್ತ ತಂಗೀ, ಮನೀ ಊಟಕ್ಕಷ್ಟ.”

“ಹಂಗಾದ್ರ ನಿಮ್ಮ ಮನ್ಯಾಗ ಉಣ್ಣೋರು ಎಷ್ಟು ಊರವರು ಅದಾರ್ರಿ?”

ಹಿಂದಿನ ಸಾಲಿನವರು ನಕ್ಕರು. ಮುಂದಿನವರು ತಿರುಗಿ ನೋಡಿದರು. ಮೈಕಿನವನು ಹಾಡು ಹಚ್ಚಿಬಿಟ್ಟ. ಪಾಪ, ಅವನಿಗೂ ಹೊಟ್ಟೆ ಇದೆ.

ಶರಣುವಿನ ಸಭೆ ನಮ್ಮ ತುದಿಯಲ್ಲೇ. ಜಾಗ ಎಲ್ಲಿ ಅಂತೀಯಾ? ಕಾಲುವೆಯೊಳಗೆ! ನಗಬೇಡ, ನೀನಿದ್ದರೂ ಅಲ್ಲೇ ಕೂಡಿಸ್ತಿದ್ದಿ. ಮೆಣಸಿನಕಾಯಿ ಒಣಹಾಕೋದು ಅಲ್ಲಿ, ಜೋಳ ಬಡಿಯೋದು ಅಲ್ಲಿ, ಶಬಾನಾಳ ನಿಕಾದ ಊಟಕ್ಕೆ ಪಂಕ್ತಿ ಕೂಡಿಸಿದ್ದೂ ಅಲ್ಲೇ ತಾನೆ? ಸಿಮೆಂಟಿನ ನೆಲ, ಎರಡೂ ಕಡೆ ಜಾಲಿ ನೆರಳು, ಗುಡಿಸೋದೂ ಸಲೀಸು. ಅದು ಕಾಲುವೆ ಅನ್ನೋದೇ ನಮಗೆ ಮರೆತುಹೋಗಿತ್ತು. ಪೆಂಡಾಲಿನವನು ಕಂಬ ನಿಲ್ಲಿಸಿದ, ಶಾಮಿಯಾನ ಕಟ್ಟಿದ, ಊರಲ್ಲಿ ಒಬ್ಬರಾದರೂ ತಡೆಯಲಿಲ್ಲ. ಮರೆಯದೆ ಇದ್ದವನು ಶರಣು ಒಬ್ಬನೇ. ಮೇಲಿನವರ ಗದ್ದೆ ಮುಗಿಯೋ ಕಡೆ ಅಡ್ಡ ಗೇಟು ಇದೆಯಲ್ಲ, ಅದನ್ನ ನೋಡಿಕೊಳ್ಳೋ ಮಲ್ಲಪ್ಪನಿಗೆ ಗುಟ್ಟಾಗಿ ಹೇಳಿದ್ದ: ಭಾಷಣ ಮುಗಿಯೋ ಹೊತ್ತಿಗೆ ನೀರು ಬಿಡು. ನೀರು ಬರಬೇಕು, ಹೆಂಗಸರು ಗಂಗವ್ವನ ಉಡಿ ತುಂಬಬೇಕು, ಇವನು ಫೋಟೋಕ್ಕೆ ನಿಲ್ಲಬೇಕು. ಪೆಂಡಾಲು ಎಲ್ಲಿ ಅಂತ ಇವನು ಬರೋತನಕ ನೋಡಿಲ್ಲ. ನೋಡಿದ ಮೇಲೆ ಹೇಳಲು ಮರ್ಯಾದೆ ಅಡ್ಡ ಬಂತೋ, ಮಲ್ಲಪ್ಪನ ಫೋನು ಹತ್ತಲಿಲ್ಲವೋ...

“ನನ್ನ ಗೆಲ್ಲಸ್ರಿ, ನಿಮ್ಮ ಕಾಲಬುಡಕ್ಕ ನೀರು ತರ್ತೀನಿ!” ಅಂತ ಅವನು ಮುಷ್ಟಿ ಎತ್ತಿದ್ದ. ಹಿಂದೆ ಏನೋ ಸರಸರ ಅಂತು. ಹಾವು ಅಂದುಕೊಂಡೆ. ಒಣ ಎಲೆ, ಪ್ಲಾಸ್ಟಿಕ್ ಲೋಟ, ಯಾರದೋ ಹರಿದ ಕೆರವು, ಎಲ್ಲವನ್ನ ಮುಂದೆ ದಬ್ಬಿಕೊಂಡು ಕೆಂಪು ನೀರು ಬರ್ತಾ ಇತ್ತು. ಆಪಾ, ನಮ್ಮ ಹೆಂಗಸರು ನೀರಿನಿಂದ ಓಡಲಿಲ್ಲ, ನೀರಿನ ಕಡೆ ಓಡಿದರು! ಕುರ್ಚಿ ತೇಲಿದವು. ಮುದುಕಿ ಯಂಕವ್ವ ಮೊಣಕಾಲು ತನಕ ಸೀರೆ ಎತ್ತಿ ನಡುವೆ ನಿಂತು, “ನಿಂಗ ದಾರಿ ಈಗ ಗೊತ್ತಾತೇನು ನನ್ನವ್ವ?” ಅಂತ ನೀರಿಗೇ ಬೈದಳು. ಶರಣು ಟೇಬಲ್ ಹತ್ತಿ ಕೂಗಿದ, ಮೈಕು ಚಾಲೂನೇ ಇತ್ತು:

“ಗೇಟ್ ಬಂದ್ ಮಾಡ್ಸ್ರೋ! ಲಗೂನ ಬಂದ್ ಮಾಡ್ಸ್ರೋ!”

ಊರೆಲ್ಲ ಕೇಳಿಸಿಕೊಂಡಿತು. ನೀರು ತರ್ತೀನಿ ಅಂದವನ ಬಾಯಿಂದ ನೀರು ನೋಡಿದ ಕೂಡಲೇ ಬಂದ ಮೊದಲ ಮಾತು. ಎಲ್ಲರೂ ನಗುತ್ತಿದ್ದರು. ನಾನು ನಗೋದನ್ನ ನಿಲ್ಲಿಸಿದೆ. ಹೂಳು ಎಲ್ಲಿ? ಇಷ್ಟು ವರ್ಷ ನಮಗೆ ಹೇಳಿದ ಹೂಳು ಎಲ್ಲಿ? ಒಂದು ಫೋನಿಗೆ ಬರೋ ನೀರು ಅಂದರೆ ಅದು ಬಾರದೆ ಇದ್ದದ್ದಲ್ಲ, ಬಿಡದೆ ಇದ್ದದ್ದು. ಈ ಮಾತು ನಿನಗೆ ಬದುಕಿದ್ದಾಗ ತಿಳಿಯಬೇಕಿತ್ತು.

“ನಡೀರಿ ಗೇಟಿಗೆ” ಅಂದೆ. ಒದ್ದೆ ಸೀರೆಯಲ್ಲೇ ಕಾಲುವೆಯ ದಂಡೆ ಹಿಡಿದು ಹೊರಟೆವು. ಚಪ್ಪಲಿ ಆಗಲೇ ಹಳ್ಳ ಸೇರಿದ್ದವು. ಮಲ್ಲಪ್ಪ ಗೇಟಿನ ಚಕ್ರಕ್ಕೆ ಕೈ ಹಚ್ಚಿದ್ದ. ಸುತ್ತ ಕೂತುಬಿಟ್ಟೆವು.

“ಅವ್ವಾರ, ನನ್ನ ನೌಕರಿ ಹೋಗ್ತದ್ರಿ.”

“ನೀ ಬಂದ್ ಮಾಡಾಕ ಬಂದಿ, ಹೆಂಗಸರು ಬಿಡಲಿಲ್ಲ. ನಿನ್ನ ತಪ್ಪೇನು? ಕೂಡು, ರೊಟ್ಟಿ ತಿನ್ನು.”

ಸಾಹುಕಾರನ ಆಳು ಮೋಟರ್ ಸೈಕಲ್ ಮೇಲೆ ಬಂದ. “ಏ ದೇವಮ್ಮ, ಮ್ಯಾಲ ಭತ್ತ ಒಣಗಾಕತ್ತದ!”

“ನಿಮ್ಮ ಭತ್ತ ದಿನಾ ಕುಡದು ಅಮಲೇರಿ ಬಿದ್ದದ. ಒಂದು ದಿನ ಉಪಾಸ ಇರಲಿ, ಮೈಗೂ ಚಲೋ.”

ನೀರು ನನ್ನ ಹೊಲ ದಾಟಿ ನಿನ್ನ ಹೊಲದ ಕೊನೇ ಸಾಲು ಮುಟ್ಟಿತು ಅಂತ ಶಬಾನಾ ಓಡಿಬಂದು ಹೇಳೋತನಕ ಒಬ್ಬಳೂ ಏಳಲಿಲ್ಲ.

ಓಟಿನ ಹಿಂದಿನ ದಿನ ಸಿದ್ದಣ್ಣ ದೇವರ ಅರಿಶಿನದ ಭಂಡಾರ ಹಿಡಿದುಕೊಂಡು ಮನೆಗೆ ಬಂದ. “ವೈನೀ, ಸಾಹುಕಾರಗ ಮಾತು ಕೊಟ್ಟೀನಿ. ಭಂಡಾರ ಮುಟ್ಟಿ ಆಣಿ ಮಾಡ್ರಿ.”

“ಮಾತು ನಿಂದು, ಕೊಟ್ಟಿ. ಓಟು ನಂದು, ಅದನ್ನ ಹ್ಯಾಂಗ ಕೊಟ್ಟಿ?” ಅಂದೆ. ಭಂಡಾರ ದೇವರದು, ವಾಪಸ್ ಕಳಿಸಬಾರದು. ಹಣೆಗೆ ಹಚ್ಚಿಕೊಂಡೆ, ಅವನಿಗೂ ಹಚ್ಚಿದೆ, ಬಾಗಿಲು ತನಕ ಕಳಿಸಿ ಬಂದೆ. ಓಟು ಯಾರಿಗೆ ಹಾಕಿದೆ ಅಂತ ನಿನಗೂ ಹೇಳೋದಿಲ್ಲ, ಹೋಗು. ನನ್ನ ಕೈ, ನನ್ನ ಶಿಕ್ಕಾ.

ಗೆದ್ದವನು ಸಾಹುಕಾರ. ಮೇಲಿನವರ ಓಟು ಹೆಚ್ಚು, ಅದರಲ್ಲಿ ಆಶ್ಚರ್ಯ ಏನು? ಹೂವಿನ ಹಾರ ಹಾಕಿಕೊಂಡು ನಮ್ಮ ಓಣಿಗೂ ಬಂದ. “ಇನ್ನ ಮುಂದ ನೀರಿನ ಪಾಳಿ ಕೆಳಗಿನಿಂದ ಸುರು ಆಗಲಿ, ಮ್ಯಾಲಿನವರಿಗೆ ಆಮ್ಯಾಲ” ಅಂದೆ. “ನೋಡೂಣು” ಅಂದ. ನಾವು ನೋಡುತ್ತ ಕೂಡಲಿಲ್ಲ. ನೀರು ಬಿಟ್ಟಾಗಲೆಲ್ಲ ಕಳೆಯ ಗುಂಪಿನ ಅರ್ಧ ಹೆಂಗಸರು ಗೇಟಿಗೆ, ಅರ್ಧ ಕೂಲಿಗೆ. ಬಂದ ಕೂಲಿ ಎಲ್ಲರೂ ಹಂಚಿಕೊಳ್ಳೋದು. ಪೊಲೀಸರನ್ನ ಕರೆಸ್ತೀನಿ ಅಂದ. “ಕರಸ್ರಿ, ಭತ್ತ ಯಾರ ಹೊಲದಾಗ ಅದ ಅಂತ ಅವರಿಗೂ ತೋರಸ್ತೀವಿ” ಅಂದೆವು. ಇವತ್ತಿನ ತನಕ ಯಾರೂ ಬಂದಿಲ್ಲ. ಹೂಳಿನ ಮಾತನ್ನ ಆಮೇಲೆ ಒಬ್ಬರೂ ಎತ್ತಿಲ್ಲ.

ಶಬಾನಾ ಹೊಲ ಮಾರಲಿಲ್ಲ. ಶೇಂಗಾ ಹಾಕಿದ್ದಾಳೆ. ಮಾರೋದು ಬೇಡ ಅಂತ ಮೊದಲು ಹೇಳಿದವನು ನಾನೇ ಅಂತ ಅವಳ ಗಂಡ ಈಗ ಹೋಟೆಲಿನಲ್ಲಿ ಹೇಳಿಕೊಂಡು ತಿರುಗ್ತಾನೆ. ಹೇಳಲಿ ಬಿಡು. ಮುಂದಿನ ಸಲ ಅಧ್ಯಕ್ಷರ ಕುರ್ಚಿಗೆ ನಾನೇ ನಿಲ್ತೀನಿ ಅಂತ ಊರೆದುರು ಹೇಳಿ ಆಗಿದೆ. ನಕ್ಕವರ ಹೆಸರು ನೆನಪಿಟ್ಟುಕೊಂಡಿದ್ದೀನಿ.

ಇನ್ನು ಯಾರಿಗೆ ಏನು ದಕ್ಕಿತು, ಕೇಳು. ಸಾಹುಕಾರನಿಗೆ ಕುರ್ಚಿ. ಶರಣುಗೆ ನೆಗಡಿ. ಮಲ್ಲಪ್ಪನಿಗೆ ಪಾಳಿ ದಿನ ನಮ್ಮ ರೊಟ್ಟಿ, ಪುಂಡಿಪಲ್ಯ. ಸಿದ್ದಣ್ಣನಿಗೆ ಹಣೆ ತುಂಬ ಭಂಡಾರ. ಮೇಲಿನ ಭತ್ತಕ್ಕೆ ಸ್ವಲ್ಪ ಬಾಯಾರಿಕೆ. ಶಬಾನಾಗೆ ಹೊಲ. ನನಗೆ ಒಂದು ಊರು ತುಂಬ ವೈರಿಗಳು, ಒಂದು ಗೇಟು ತುಂಬ ಗೆಳತಿಯರು.

ನಿನ್ನ ಎರಡು ಎಕರೆಗೆ ನೀರು.

ನಿನ್ನ
ದೇವಿ