ಮೂಲೆಯ ಕರಿಕಲ್ಲು

ಗುಡ್ಡ ಮರಳಿದ ಎಪ್ಪತ್ತೊಂದನೆಯ ವರ್ಷ, ಕಾರ್ತಿಕದ ಮೂವತ್ತೆರಡನೆಯ ದಿನ.

ಮುತ್ತವ್ವ ಕೆಂಪಿಯ ಪಾದಗಳಿಗೆ ಮರಿಮಗಳು ಜಡೆಮ್ಮ ಮಾಡುವ ಶರಣು. ತಾರೀಖು ನೋಡಿ ಗಾಬರಿಯಾಗಬೇಡ. ಕಾರ್ತಿಕದ ಕೊನೆಗೆ ಎರಡು ದಿನ ಸತ್ತವರಿಗೆಂದು ಸೇರಿಸಿಕೊಂಡಿದ್ದೇವೆ. ಆ ದಿನ ಬರೆದ ಕಾಗದ ಹಿಂದಿನವರಿಗೆ, ಅವರು ಬದುಕಿದ್ದಾಗಲೇ, ನಾವು ನೆನೆದ ದಿನಕ್ಕೆ ಮುಟ್ಟುತ್ತದೆಂದು ನಂಬಿಕೆ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ನಿನಗೆ ತಿಳಿಯದ ಪದ ಬಂದರೆ ಮನ್ನಿಸು. ನಿನ್ನ ಕಿರಿಮಗಳು ಮಾದಿಯ ಕೈಲಿ ಓದಿಸು. ಅವಳು ನನ್ನ ಅಜ್ಜಿ.

ನಿಮ್ಮನ್ನು ಎಬ್ಬಿಸಿ ಓಡಿಸಿದ ಗುಡ್ಡ ಈಗ ನಮ್ಮದು. ಕೋರ್ಟು ಹಿಂದಿರುಗಿಸಿದ ಮೇಲೆ ನಮ್ಮ ಸಂಘವೇ ಅದರ ಮೇಲೆ ಹನ್ನೆರಡು ಅಪಾರ್ಟ್‌ಮೆಂಟು ಕಟ್ಟಿಸಿತು. ನೀನು ಜಲ್ಲಿ ಹೊತ್ತು ಕಟ್ಟಿದ ಮನೆಗಳಲ್ಲಿ ಬಾಳಿದವರ ಮೊಮ್ಮಕ್ಕಳು ಇವತ್ತು ನಮಗೆ ಬೇರುಬಾಡಿಗೆ ಕೊಡುತ್ತಾರೆ, ಅಂದರೆ ನಮ್ಮ ನೆಲದ ಮೇಲೆ ಕಾಲೂರಿದ್ದಕ್ಕೆ ಬಾಡಿಗೆ. ಕೊಡದವರ ಸಾಮಾನು ಬೀದಿಗೆ ಬೀಳುವಾಗ ನಾವು ಹೆಂಗಸರು ಬಾಲ್ಕನಿಯಲ್ಲಿ ನಿಂತು ನೋಡುತ್ತೇವೆ. ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಸೋಮವಾರ ಬೆಳಿಗ್ಗೆ ಲಿಫ್ಟಿನಲ್ಲಿ ಮೊದಲು ಗುಡ್ಡದಮ್ಮನ ಬುಟ್ಟಿ, ಆಮೇಲೆ ಮನುಷ್ಯರು. ಯಾವ ಕಟ್ಟಡದ ನೆರಳೂ ಕಲ್ಲುಮನೆಯ ಮೇಲೆ ಬೀಳುವ ಹಾಗಿಲ್ಲ.

ಸತ್ತವರಿಗೆ ಹನ್ನೊಂದನೆಯ ದಿನ ಹೊಳೆಯಿಂದ ಕಲ್ಲು ತಂದು ಕಲ್ಲುಮನೆಯಲ್ಲಿಡುವ ನಿಮ್ಮ ಪದ್ಧತಿಯೇ ನಮಗೆ ಹಕ್ಕುಪತ್ರ. ಕಲ್ಲಿದ್ದರೆ ವಂಶಕ್ಕೆ ಅಪಾರ್ಟ್‌ಮೆಂಟಿನಲ್ಲಿ ಮನೆ. ಒಬ್ಬ ತಾಯಿಗೆ ಒಂದೇ ಮನೆ, ಅದೂ ಹಿರಿಮಗಳ ಕಡೆಯವರಿಗೆ, ಅವಳಿಗೆ ಕಲ್ಲಿಲ್ಲದಿದ್ದರೆ ಕಿರಿಯವಳ ಕಡೆಯವರಿಗೆ. ಕಲ್ಲಿನ ಮೇಲೆ ಹೆಸರಿರುವುದಿಲ್ಲ. ಯಾವುದು ಯಾರದೆಂದು ಕಲ್ಲುಗಿತ್ತಿ ಒಬ್ಬಳಿಗೇ ಗೊತ್ತು. ಅವ್ವನ ನಂತರ ಕಲ್ಲುಗಿತ್ತಿ ನಾನು. ಸಾಯುವ ಮುಂಚೆ ಅವ್ವ ಅಂದಿದ್ದಳು: ಮೂಲೆಯ ಕರಿಕಲ್ಲನ್ನು ತೊಳಿ, ಹೆಸರು ಮಾತ್ರ ಹೇಳಬೇಡ, ಅದು ಬೊಮ್ಮಿದು. ಕುಲದ ಹೊರಗಿನ ಗಾರೆಯವನ ಹಿಂದೆ ಹೋಗಿ, ಕಟ್ಟಡದಿಂದ ಬಿದ್ದು ಸತ್ತ, ಮುತ್ತವ್ವ, ನಿನ್ನ ಹಿರಿಮಗಳದು. ಕುಲದವರು ಬೇಡವೆಂದರೂ ನೀನು ಕದ್ದು ಇಟ್ಟಿದ್ದು.

ಹೋದ ತಿಂಗಳು ಬೊಮ್ಮಿಯ ಮೊಮ್ಮಗಳು ಸಣ್ಣತಾಯಿ ತನ್ನ ತುಂಬು ಬಸುರಿ ಮಗಳನ್ನು ಕರೆದುಕೊಂಡು ಮನೆ ಕೇಳಲು ಬಂದಳು. ಗುಡ್ಡದಮ್ಮನಿಗೆ ಜೇನು ಎಡೆಯಿಟ್ಟು ಬೆರಳನ್ನು ಹಣೆಗೆ ಒರೆಸಿಕೊಂಡಳು. ನಮ್ಮ ಮನೆಯವರು ಬಿಟ್ಟರೆ ಹಾಗೆ ಮಾಡುವವರಿಲ್ಲ. ಸಂಘದ ಯಜಮಾನ ಕುಂಬಯ್ಯ ನಕ್ಕ. "ಅಪಾರ್ಟ್‌ಮೆಂಟು ಎದ್ದ ಮೇಲೆ ಎಲ್ಲರ ಅಜ್ಜಿಯರೂ ಗುಡ್ಡದಲ್ಲೇ ಹುಟ್ಟುತ್ತಾರೆ ನೋಡು." ಸಣ್ಣತಾಯಿ ನನ್ನ ಕಡೆ ತಿರುಗಿ, "ನೀವೇ ನೋಡಿ ಹೇಳಿ ಅಕ್ಕ, ನಿಮ್ಮ ಮಾತು ದೇವರ ಮಾತು" ಅಂದಳು. ನಾನು ಹೆಸರು ಹೇಳಿದ್ದರೆ ನನ್ನ ಮಗ, ಸೊಸೆ ಮನೆ ಬಿಡಬೇಕಿತ್ತು. ಗುಡ್ಡದಮ್ಮನ ಎದುರೇ ನಿಂತು, ಬೊಮ್ಮಿಗೆ ಕಲ್ಲಿಲ್ಲ ಅಂದೆ. ಅವಳು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ಮಗಳಿಗೆ ಗೇಟಿನ ಹೊರಗೆ, ಮೆಟ್ಟಿಲ ಮೇಲೆ ಹೆರಿಗೆಯಾಯಿತು. ಮಗು ಅಳಲೇ ಇಲ್ಲ. ಹನ್ನೊಂದನೆಯ ದಿನ ಸಣ್ಣತಾಯಿ ಮತ್ತೆ ಬಂದಳು. ಅಂಗೈಯಲ್ಲಿ ನೆಲ್ಲಿಕಾಯಿಯಷ್ಟು ಕಲ್ಲು. "ಮನೆ ಬೇಡ ಅಕ್ಕ, ಇದಕ್ಕೊಂದು ಜಾಗ ಕೊಡಿ." ಅದನ್ನು ಇಡಗೊಟ್ಟರೆ ಅದೂ ಹಕ್ಕಾಗುತ್ತದೆ. ಆಗುವುದಿಲ್ಲ ಅಂದೆ.

ಪ್ರತಿ ಸೋಮವಾರ ಉಪವಾಸವಿದ್ದು ಕಲ್ಲು ತೊಳೆಯುತ್ತೇನೆ. ಕರಿಕಲ್ಲನ್ನು ಎತ್ತಿ ಎಸೆಯಲು ಅಮ್ಮನ ಭಯ. ಹೆಸರು ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ನಿನ್ನನ್ನು ಬೇಡುತ್ತಿದ್ದೇನೆ. ಈ ಕಾಗದ ಮುಟ್ಟುವ ಹೊತ್ತಿಗೆ ಬೊಮ್ಮಿ ಸತ್ತು ಹತ್ತು ದಿನ. ನಾಳೆ ನೀನು ಹೊಳೆಗೆ ಇಳಿಯುತ್ತೀಯ, ಕರಿಯದೊಂದು ಕೈಗೆ ಸಿಗುತ್ತದೆ, ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೀಯ. ಬೇಡ ಮುತ್ತವ್ವ. ಅದನ್ನು ನೀರಿಗೇ ಬಿಡು. ನಿನ್ನ ಮಗಳಿಗೆ ಕಲ್ಲಿಲ್ಲ ಅಂತ ನಾನು ಆಡಿದ ಮಾತು ನಿಜವಾಗಲಿ.